ಎರಡು ಸಣ್ಣ ವಿಮಾನ ನಿಲ್ದಾಣಗಳ ನಡುವಿನ ದೂರ ಮತ್ತು ಹಾರಾಟದ ಸಮಯವನ್ನು ಲೆಕ್ಕ ಹಾಕುವ ಬಗೆ

ಸಣ್ಣ ಪ್ರಾದೇಶಿಕ ನಿಲ್ದಾಣಗಳ ನಡುವೆ ಎಷ್ಟೋ ವೇಳೆ ನೇರ ವಿಮಾನವೇ ಇರುವುದಿಲ್ಲವಾದ್ದರಿಂದ, ದೂರವನ್ನೂ ಅವಧಿಯನ್ನೂ ನಾವೇ ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ. ಮೊದಲು ನಿಲ್ದಾಣವನ್ನು ಸರಿಯಾಗಿ ಗುರುತಿಸಿಕೊಳ್ಳಿ. ಒಂದೇ ಹೆಸರಿನ ಊರುಗಳು ಹಲವಿರುತ್ತವೆ, ಟಿಕೆಟ್‌ಗಳಲ್ಲಿ ಕಾಣುವ ಮೂರಕ್ಷರದ ಐಎಟಿಎ (ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘ) ಸಂಕೇತ ಎಲ್ಲ ಸಣ್ಣ ನಿಲ್ದಾಣಗಳಿಗೂ ಇರುವುದಿಲ್ಲ. ಆದ್ದರಿಂದ ನಾಲ್ಕಕ್ಷರದ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಸಂಕೇತ ಇದ್ದಲ್ಲಿ ಅದನ್ನೇ ಹಿಡಿದು ಅಕ್ಷಾಂಶ, ರೇಖಾಂಶಗಳನ್ನು ಬರೆದುಕೊಳ್ಳುವುದು ಮೇಲು.

ತಪ್ಪುಗಳು ಹೆಚ್ಚಾಗಿ ನುಸುಳುವುದು ಇಲ್ಲಿಯೇ. ಒಂದು ಡಿಗ್ರಿಗೆ 60 ಮಿನಿಟು ಆದ್ದರಿಂದ, 60 ಡಿಗ್ರಿ 30 ಮಿನಿಟು ಎಂದರೆ 60.5 ಡಿಗ್ರಿ, 60.30 ಅಲ್ಲ. ಅಕ್ಷಾಂಶದಲ್ಲಿ ಈ ಒಂದು ತಪ್ಪಿನಿಂದಲೇ ಸುಮಾರು 22 ಕಿಲೋಮೀಟರ್ ವ್ಯತ್ಯಾಸವಾಗುತ್ತದೆ.

ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್. ರೇಖಾಂಶದ ಡಿಗ್ರಿಗೂ ಸಮಭಾಜಕ ವೃತ್ತದಲ್ಲಿ ಅಷ್ಟೇ ದೂರವಿದ್ದರೂ, ಧ್ರುವಗಳತ್ತ ಹೋದಂತೆ ಅದು ಕಿರಿದಾಗುವುದರಿಂದ, ಎರಡೂ ನಿಲ್ದಾಣಗಳ ಸರಾಸರಿ ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಉದಾಹರಣೆಗೆ, ಸರಾಸರಿ ಅಕ್ಷಾಂಶ 60 ಡಿಗ್ರಿ, ಅಕ್ಷಾಂಶಗಳ ಅಂತರ 3 ಡಿಗ್ರಿ, ರೇಖಾಂಶಗಳ ಅಂತರ 8 ಡಿಗ್ರಿ ಎಂದಿಟ್ಟುಕೊಳ್ಳಿ. ಉತ್ತರ–ದಕ್ಷಿಣವಾಗಿ 333 ಕಿಲೋಮೀಟರ್. 60 ಡಿಗ್ರಿಯ ಕೊಸೈನ್ 0.5 ಆದ್ದರಿಂದ ಪೂರ್ವ–ಪಶ್ಚಿಮವಾಗಿ 444. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 555 ಕಿಲೋಮೀಟರ್, ಅಂದರೆ ವಿಮಾನಯಾನದಲ್ಲಿ ಬಳಸುವ ನಾಟಿಕಲ್ ಮೈಲಿಯ (1.852 ಕಿಲೋಮೀಟರ್) ಲೆಕ್ಕದಲ್ಲಿ ಸುಮಾರು 300. ಕೆಲವು ನೂರು ಕಿಲೋಮೀಟರ್‌ಗಳ ಮಟ್ಟಿಗೆ ಈ ವಿಧಾನ ನಂಬಿಕೆಗೆ ಅರ್ಹ. ಸಾವಿರಾರು ಕಿಲೋಮೀಟರ್‌ಗಳಿಗೆ, ಭೂಮಿಯ ತ್ರಿಜ್ಯವನ್ನು 6371 ಕಿಲೋಮೀಟರ್ ಎಂದು ಹಿಡಿದು ಗೋಳದ ಮೇಲಿನ ದೂರವನ್ನು ಲೆಕ್ಕ ಹಾಕುವ ಹ್ಯಾವರ್‌ಸೈನ್ ಸೂತ್ರವನ್ನೇ ಬಳಸಬೇಕು.

ಇನ್ನು ಸಮಯ. ಎಟಿಆರ್ 72ರಂಥ ಟರ್ಬೊಪ್ರಾಪ್ (ಪ್ರೊಪೆಲ್ಲರ್ ಇರುವ) ವಿಮಾನ ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಆ ಲೆಕ್ಕದಲ್ಲಿ 555 ಕಿಲೋಮೀಟರ್‌ಗೆ 67 ನಿಮಿಷ. ಈ ಅಂಕಿಯನ್ನೇ ಪ್ರಯಾಣದ ಅವಧಿ ಎಂದು ಬರೆದುಕೊಳ್ಳುವುದು ಸರಿಯಲ್ಲ. ರನ್‌ವೇವರೆಗಿನ ಓಟ, ಮೇಲೇರುವಾಗಿನ ನಿಧಾನಗತಿ, ಇಳಿಯುವ ಮುನ್ನ ಹಾಕುವ ಸುತ್ತು ಇವೆಲ್ಲಕ್ಕೆ 20ರಿಂದ 25 ನಿಮಿಷ ಸೇರಿಸಿ, ಒಂದೂವರೆ ಗಂಟೆ ಎಂದಿಟ್ಟುಕೊಳ್ಳುವುದು ವಿವೇಕ. ಗಂಟೆಗೆ 50 ಕಿಲೋಮೀಟರ್ ವೇಗದ ಎದುರುಗಾಳಿ ಇದ್ದರೆ ಆ 67 ನಿಮಿಷ 74 ಆಗುತ್ತದೆ. ಅದೇ ಗಾಳಿ ಹಿಂದಿನಿಂದ ಬೀಸಿದರೆ 61ಕ್ಕೆ ಇಳಿಯುತ್ತದೆ. ಹೋಗುವ ಮತ್ತು ಬರುವ ವಿಮಾನಗಳ ಅವಧಿ ಬೇರೆ ಬೇರೆಯಾಗಿರಲು ಇದೊಂದು ಮುಖ್ಯ ಕಾರಣ. ಜೆಟ್ ವಿಮಾನದ ವೇಗ ಇದಕ್ಕಿಂತ ಬಹಳ ಹೆಚ್ಚಾದರೂ, ಇಷ್ಟು ಕಡಿಮೆ ದೂರದಲ್ಲಿ ಹಾರಾಟದ ದೊಡ್ಡ ಪಾಲು ಏರುವುದರಲ್ಲಿ, ಇಳಿಯುವುದರಲ್ಲಿ ಕಳೆಯುವುದರಿಂದ ಉಳಿತಾಯ ನಿರೀಕ್ಷಿಸಿದಷ್ಟು ಇರುವುದಿಲ್ಲ.

ನೇರ ವಿಮಾನವಿಲ್ಲದಿದ್ದರೆ ಎರಡು ನಿಲ್ದಾಣಗಳ ನೇರ ದೂರವನ್ನು ಬದಿಗಿಟ್ಟು, ನಡುವಿನ ದೊಡ್ಡ ನಿಲ್ದಾಣದವರೆಗಿನ ಮತ್ತು ಅಲ್ಲಿಂದ ಮುಂದಿನ ಹಾರಾಟಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಕಾಯುವ ಸಮಯವನ್ನೂ ಕೂಡಿಸಿ. ವೇಳಾಪಟ್ಟಿಯೊಂದಿಗೆ ಹೋಲಿಸುವಾಗ ಅಲ್ಲಿನ ಗಂಟೆಗಳು ಆಯಾ ಊರಿನ ಸ್ಥಳೀಯ ಕಾಲದಲ್ಲಿರುತ್ತವೆ ಎಂಬುದನ್ನು ಗಮನಿಸಿ, ಹೊರಡುವ ಮತ್ತು ತಲುಪುವ ವೇಳೆ ಎರಡನ್ನೂ ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಕಾಲಕ್ಕೆ) ತಂದುಕೊಂಡ ಮೇಲೆಯೇ ಒಂದರಿಂದ ಇನ್ನೊಂದನ್ನು ಕಳೆಯಿರಿ.