ತಾಮ್ರದ ತೂಕಕ್ಕೆ ಸಿಗುವ ನಿಜಾಮನ ದುಡ್ಡು

ಹಳೆ ನಾಣ್ಯ ಕೂಡಿಡೋದು ದುಡ್ಡಿದ್ದವರ ಹವ್ಯಾಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕಲಬುರಗಿಯಲ್ಲಿ ಈ ಮಾತು ನಡೆಯಲ್ಲ. ಇದು 1347ರಲ್ಲಿ ಬಹಮನಿ ರಾಜಧಾನಿಯಾದ ಊರು. ಆಮೇಲೆ ನಿಜಾಮನ ಕೈಯಲ್ಲಿ ತಲೆಮಾರುಗಟ್ಟಲೆ ಇತ್ತು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೂ ನಿಜಾಮನ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾ ಕೆಲವು ವರ್ಷ ಓಡಾಡಿತು. ಬದಲಾಯಿಸುವ ಲೆಕ್ಕ 7 ಹಾಲಿ ರೂಪಾಯಿಗೆ 6 ಕಲ್ದಾರ್. ಕಲ್ದಾರ್ ಅಂದರೆ ಬ್ರಿಟಿಷ್ ರೂಪಾಯಿ. ಹಾಗಾಗಿ ಇಲ್ಲಿನ ಹಳೆ ಮನೆಗಳ ಟ್ರಂಕು, ಡಬ್ಬಿಗಳಲ್ಲಿ ಈ ಹಳೆ ನಾಣ್ಯಗಳು ಇನ್ನೂ ಉಳಿದಿವೆ.

ನಾನು ತಿಂಗಳಿಗೆ 500 ರೂಪಾಯಿ ಮೀರಲ್ಲ. ಬೆಳ್ಳಿ ಬೆಲೆ ಈಗಿರುವ ಹಾಗೆ, ಅಷ್ಟರಲ್ಲಿ ಒಂದು ಬೆಳ್ಳಿ ರೂಪಾಯಿಯೂ ಬರಲ್ಲ. ಅದಕ್ಕೇ ತಾಮ್ರಕ್ಕೆ ಕೈ ಹಾಕಿದೆ.

ತಾಮ್ರ ಹುಡುಕೋಕೆ ನಾಣ್ಯ ಮಾರುವವರ ಹತ್ತಿರ ಮೊದಲು ಹೋಗಬಾರದು. ಹಳೆ ಹಿತ್ತಾಳೆ, ತಾಮ್ರ ತೂಕಕ್ಕೆ ಕೊಳ್ಳುವ ಪಾತ್ರೆ ಅಂಗಡಿ, ಗುಜರಿ ಅಂಗಡಿ ನನ್ನ ಜಾಗಗಳು. ಮನೆ ಖಾಲಿ ಮಾಡುವವರು ಒಡೆದ ಚರಿಗೆ, ತಾಟಿನ ಜೊತೆ ಚಿಲ್ಲರೆ ಡಬ್ಬಿಯನ್ನೂ ಹಾಕಿ ಹೋಗಿರುತ್ತಾರೆ. "ಹಳೀ ರೊಕ್ಕ ಅದಾವೇನ್ರಿ ಚಾಚಾ?" ಅಂತ ಕೇಳಿ ಒಂದು ಚಹಾ ಕುಡಿದು ಬರೋದು ನನ್ನ ಪದ್ಧತಿ. ಎರಡು ಮೂರು ಸಲ ಖಾಲಿ ಕೈಯಲ್ಲಿ ಬಂದ ಮೇಲೆ ಅವರೇ ತೆಗೆದಿಡೋಕೆ ಶುರು ಮಾಡ್ತಾರೆ. ಒಂದು ಮಾತು ಮಾತ್ರ ಮೊದಲೇ ಹೇಳಿರ್ತೀನಿ: ಹುಣಸೆಹಣ್ಣು ಹಚ್ಚಿ ತೊಳೀಬ್ಯಾಡ್ರಿ. ಉಜ್ಜಿ ಹೊಳೆಸಿದ ತಾಮ್ರಕ್ಕೆ ಬೆಲೆ ಬಿದ್ದುಹೋಗುತ್ತದೆ. ಇದನ್ನು ಅವರು ಸುಲಭಕ್ಕೆ ನಂಬಲ್ಲ.

ಖ್ವಾಜಾ ಬಂದೇ ನವಾಜ್ ಉರುಸಿನಲ್ಲಿ ಉಂಗುರ, ಹರಳು ಮಾರುವವರೂ ಕೆಲವೊಮ್ಮೆ ನಾಣ್ಯ ಹರವಿರುತ್ತಾರೆ. ಮೊದಲ ದಿನ ಸುಮ್ನೆ ನೋಡ್ತೀನಿ. ಅಂಗಡಿ ಕಟ್ಟುವ ಹೊತ್ತಿಗೆ ಹೋಗಿ ಕೊಳ್ತೀನಿ.

ಆದರೆ ಅಗ್ಗಕ್ಕೆ ಕೊಳ್ಳೋ ಗುಟ್ಟು ಜಾಗದಲ್ಲಿಲ್ಲ, ಓದಿನಲ್ಲಿದೆ. ನಿಜಾಮನ ನಾಣ್ಯದ ಮೇಲಿನ ಇಸವಿ ಉರ್ದು ಅಂಕಿಗಳಲ್ಲಿ ಇರುತ್ತದೆ. ಮಾರುವವರಲ್ಲಿ ಬಹಳ ಜನ ಅದನ್ನು ನೋಡೋದೇ ಇಲ್ಲ, ಎಲ್ಲಕ್ಕೂ ಒಂದೇ ರೇಟು. ಹತ್ತು ಅಂಕಿ ಕಲಿಯೋಕೆ ಒಂದು ಸಂಜೆ ಸಾಕು. ಸೊನ್ನೆ ಅಂದರೆ ಬರೀ ಚುಕ್ಕಿ. ಐದು ತಲೆಕೆಳಗಾದ ಹೃದಯ. ಏಳು ಇಂಗ್ಲಿಷಿನ ವಿ, ಎಂಟು ಅದೇ ವಿ ಬೋರಲು ಬಿದ್ದದ್ದು. ಸಿಗುವ ಇಸವಿ ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ ಲೆಕ್ಕದ್ದು. ಅದನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಇಸವಿ ಹತ್ತಿರ ಹತ್ತಿರ ಬರುತ್ತದೆ. 1330 ಅಂತಿದ್ದರೆ 1912. ನಾಣ್ಯದ ಮೇಲೆ ಇನ್ನೊಂದು ಸಣ್ಣ ಅಂಕಿ ಇದ್ದರೆ ಅದು ನಿಜಾಮ ಪಟ್ಟಕ್ಕೆ ಬಂದು ಎಷ್ಟನೇ ವರ್ಷ ಅನ್ನೋ ಲೆಕ್ಕ, ಎರಡನ್ನೂ ಕಲಸಬೇಡಿ. ಚಾರ್‌ಮಿನಾರ್ ಇರುವ ರೂಪಾಯಿಯಾದರೆ ಆ ಚಿತ್ರದ ಬಾಗಿಲ ಒಳಗೆ ನೋಡಿ. ಉರ್ದುವಿನ ಮೀಮ್ (م) ಅಕ್ಷರ ಇದ್ದರೆ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಕಾಲದ್ದು, ಐನ್ (ع) ಇದ್ದರೆ ಏಳನೇ ನಿಜಾಮ ಉಸ್ಮಾನ್ ಅಲಿ ಖಾನ್ ಕಾಲದ್ದು. ಇಷ್ಟು ಗೊತ್ತಿದ್ದರೆ ಒಂದು ರಾಶಿಯಲ್ಲಿ ನಿಮ್ಮ ಹತ್ತಿರ ಇಲ್ಲದ ವರ್ಷಗಳನ್ನಷ್ಟೇ ಆರಿಸಿಕೊಳ್ಳಬಹುದು, ಅದೂ ಮಾಮೂಲಿ ರೇಟಿಗೆ. ತೂತಿನ ದುಡ್ಡು, ಎರಡು ಪೈ ಅನ್ನೋ ಚಿಲ್ಲರೆ ನಾಣ್ಯಗಳಲ್ಲಿ ನನ್ನ ವರ್ಷವಾರು ಸಾಲು ಬೆಳೆದದ್ದು ಹೀಗೇ.

ಜೇಬಿನಲ್ಲಿ ಎರಡು ಸಾಮಾನು ಇರುತ್ತವೆ. ಒಂದು ಅಯಸ್ಕಾಂತ, ಒಂದು ಪುಟ್ಟ ಡಿಜಿಟಲ್ ತಕ್ಕಡಿ. 1947ರ ರೂಪಾಯಿ ನಿಕ್ಕಲ್‌ದು, ಅಯಸ್ಕಾಂತಕ್ಕೆ ಅಂಟುತ್ತದೆ. ಅದನ್ನು ಬೆಳ್ಳಿ ಅಂತ ಹೇಳಿ ಮಾರೋರು ಇದ್ದಾರೆ. ಹಾಲಿ ರೂಪಾಯಿ 11.18 ಗ್ರಾಂ, ಕಲ್ದಾರ್ 11.66 ಗ್ರಾಂ ಬರಬೇಕು. ಸವೆದಿದ್ದರೆ ಸ್ವಲ್ಪ ಕಮ್ಮಿ ಬರಬಹುದು, ಬಹಳ ಕಮ್ಮಿ ಬಂದರೆ ಕೆಳಗಿಡಿ. ಅಪರೂಪಕ್ಕೆ ಮೂರ್ನಾಲ್ಕು ತಿಂಗಳ ದುಡ್ಡು ಕೂಡಿಸಿ ಬೆಳ್ಳಿ ಕೊಳ್ಳುವಾಗಲೂ ಇಸವಿ ನೋಡ್ತೀನಿ. ಹಳೆ ಬ್ರಿಟಿಷ್ ರೂಪಾಯಿಯಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. 1940ರಿಂದ 1945ರವರೆಗೆ ಟಂಕಿಸಿದ್ದರಲ್ಲಿ ಬರೀ ಅರ್ಧ. ಎರಡಕ್ಕೂ ಒಂದೇ ಬೆಲೆ ಹೇಳಿದರೆ ಯಾವುದನ್ನು ಎತ್ತಿಕೊಳ್ಳಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ?

ಬಹಮನಿ ತಾಮ್ರಕ್ಕೆ ಮಾತ್ರ ನಾಣ್ಯ ವ್ಯಾಪಾರಿಯ ಹತ್ತಿರವೇ ಹೋಗಬೇಕು, ಅದೂ ಅವನು ಬೇಡದ ನಾಣ್ಯ ಹಾಕಿಡುವ ಡಬ್ಬಿಗೆ. ಸಣ್ಣ, ದಪ್ಪ, ಅಂಚು ಸೊಟ್ಟಗಿರುವ ತುಂಡುಗಳು. ಅಕ್ಷರ ಅರ್ಧ ಬಿದ್ದಿರುತ್ತದೆ. ಆದ್ದರಿಂದಲೇ ಅಗ್ಗ. ಓರೆ ಬೆಳಕಿನಲ್ಲಿ ಹಿಡಿದು 'ಶಾಹ್' ಅನ್ನೋ ಒಂದು ಪದ ಕಂಡರೂ ನನಗೆ ಸಾಕು. ಹೊಲ ಉಳುವಾಗ ಸಿಕ್ಕಿತು ಅಂತ ಯಾರಾದರೂ ಗಂಟು ತಂದರೆ ಕೊಳ್ಳಲ್ಲ. ನೆಲದಲ್ಲಿ ಸಿಕ್ಕ ನಿಧಿಯ ಬಗ್ಗೆ ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನಿದೆ. ಅದು ತಹಶೀಲ್ದಾರರಿಗೋ ಡಿಸಿ ಕಚೇರಿಗೋ ಹೋಗಬೇಕಾದ ಗಂಟು.

ಇನ್ನು 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ, ಮೇಲೆ ರಾಮ ದರ್ಬಾರು ಅಥವಾ ಹನುಮಂತ. ಸಂತೆ, ಜಾತ್ರೆ ಎಲ್ಲಾ ಕಡೆ ಸಿಗುತ್ತದೆ. ಕಂಪನಿ ಇಂಥದ್ದನ್ನು ಟಂಕಿಸಿಯೇ ಇಲ್ಲ. ಪೂಜೆಗೆ ಬೇಕಾದರೆ ಇಟ್ಟುಕೊಳ್ಳಿ, ಹತ್ತು ರೂಪಾಯಿ ಮೇಲೆ ಕೊಡಬೇಡಿ. ವೈಷ್ಣೋದೇವಿ ಚಿತ್ರದ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಬರುತ್ತದೆ, ಮೊದಲು ಶುಲ್ಕ ಕಟ್ಟಿ ಅಂತ ಫೋನ್ ಬಂದರೆ ಕಟ್ ಮಾಡಿ. ಹಳೆ ನೋಟು, ನಾಣ್ಯದ ವ್ಯವಹಾರ ತಾನು ಮಾಡಲ್ಲ, ಅದಕ್ಕೆ ಶುಲ್ಕವನ್ನೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ.

ರಾಶಿಯಲ್ಲಿ ಕೊಂಡಾಗ ಒಂದೇ ವರ್ಷದವು ನಾಲ್ಕೈದು ಬಂದುಬಿಡುತ್ತವೆ. ಅವನ್ನು ಬೀದರಿನ ಗೆಳೆಯರೊಬ್ಬರಿಗೆ ಕೊಡ್ತೀನಿ. ಅವರ ಹತ್ತಿರ ಬಹಮನಿ ತಾಮ್ರ ಜಾಸ್ತಿ, ನನ್ನ ಹತ್ತಿರ ನಿಜಾಮನ ಪೈ ಜಾಸ್ತಿ. ದುಡ್ಡಿನ ಮಾತೇ ಬರಲ್ಲ, ಬಸ್ ಚಾರ್ಜ್ ಒಂದೇ ಖರ್ಚು.