ಕರುಳಿನ ಗೋಡೆ ದಾಟುತ್ತಿದ್ದ ಬಿಳಿ ರಕ್ತಕಣ: ನನ್ನ ಅನುಭವ

ಕಲಬುರಗಿಯಲ್ಲಿ ದೊಡ್ಡ ಕರುಳಿನ ಬಯಾಪ್ಸಿ (ಪರೀಕ್ಷೆಗೆ ತೆಗೆದ ಅಂಗಾಂಶದ ತುಣುಕು) ನೋಡಲು ಆರಂಭಿಸಿದ ದಿನಗಳಲ್ಲಿ, ಕರುಳಿನ ಒಳಪದರವಾದ ಲೋಳೆಪೊರೆಯಲ್ಲಿ ಎಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಕಂಡರೂ ನಾನು ‘ಸಕ್ರಿಯ ಉರಿಯೂತ’ ಎಂದು ಬರೆಯುತ್ತಿದ್ದೆ. ಅದು ತಪ್ಪು. ರಕ್ತನಾಳದ ಬದಿಯಲ್ಲಿರುವ ಕಣ ಬೇರೆ, ಕ್ರಿಪ್ಟಿನ ಗೋಡೆಯೊಳಗೆ ನುಗ್ಗಿದ ಕಣ ಬೇರೆ. ಕ್ರಿಪ್ಟ್‌ಗಳೆಂದರೆ ಲೋಳೆಪೊರೆಯಲ್ಲಿ ಪ್ರನಾಳಗಳಂತೆ ಸಾಲಾಗಿ ನಿಂತ ಸಣ್ಣ ಗುಳಿಗಳು.

ಈ ವ್ಯತ್ಯಾಸವನ್ನು ನನಗೆ ಮನಗಾಣಿಸಿದ್ದು ಜೇವರ್ಗಿ ಕಡೆಯಿಂದ ರಕ್ತಭೇದಿಯೊಂದಿಗೆ ಬಂದಿದ್ದ ಯುವಕನೊಬ್ಬನ ಬಯಾಪ್ಸಿ. ಮೊದಲ ಸ್ಲೈಡಿನಲ್ಲಿ ಕ್ರಿಪ್ಟ್‌ಗಳ ನಡುವೆ ನ್ಯೂಟ್ರೋಫಿಲ್‌ಗಳಿದ್ದವು, ಗೋಡೆಯಲ್ಲಿ ಒಂದೂ ಇರಲಿಲ್ಲ. ಮೇಣದಲ್ಲಿ ಹುದುಗಿಸಿದ ತುಣುಕಿನ ಬ್ಲಾಕನ್ನು ಇನ್ನಷ್ಟು ಆಳಕ್ಕೆ ಕತ್ತರಿಸಲು ಕೇಳಿದಾಗ ತಂತ್ರಜ್ಞರು, “ಮೇಡಂ, ಇನ್ನ ನಾಕು ಸೆಕ್ಷನ್ ಬರ್ತಾವ್ರೀ” ಎಂದರು. 4 ಮೈಕ್ರಾನ್ ದಪ್ಪದ ಆ ಸೆಕ್ಷನ್‌ಗಳಲ್ಲಿ (ತೆಳು ಸೀಳುಗಳಲ್ಲಿ) ಮೂರನೆಯದನ್ನು ಎಣ್ಣೆ ಹಾಕಿ 100 ಪಟ್ಟಿನ ಮಸೂರದಲ್ಲಿ ನೋಡಿದಾಗ ಹುಡುಕುತ್ತಿದ್ದದ್ದು ಸಿಕ್ಕಿತು. ಕ್ರಿಪ್ಟಿನ ಗೋಡೆಯ ಎರಡು ಜೀವಕೋಶಗಳ ನಡುವೆ ಒಂದು ನ್ಯೂಟ್ರೋಫಿಲ್ ದಾರದಂತೆ ಎಳೆದುಕೊಂಡಿತ್ತು. ಅದರ ಕೋಶಕೇಂದ್ರದ ಒಂದು ಹಾಲೆ ಇನ್ನೂ ತಳದಲ್ಲಿದ್ದರೆ, ಇನ್ನೊಂದು ಲೋಳೆ ತುಂಬಿದ ಗಾಬ್ಲೆಟ್ ಕೋಶದ ಕುತ್ತಿಗೆಯವರೆಗೆ ಏರಿತ್ತು. ಪಕ್ಕದ ಕ್ರಿಪ್ಟಿನ ಒಳಗೆ ದಾಟಿ ಮುಗಿಸಿದವು ಕೀವಾಗಿ ಗುಂಪುಗೂಡಿದ್ದವು.

ರಕ್ತನಾಳದಿಂದ ಹೊರಬರುವಾಗ ಈ ಕಣ ಒಳಬದಿಯಿಂದ ಹೊರಟು ತಳದ ಕಡೆಗೆ ಇಳಿಯುತ್ತದೆ. ಕ್ರಿಪ್ಟಿನ ಗೋಡೆಯಾದ ಕೋಶಪದರ, ಅಂದರೆ ಎಪಿಥೀಲಿಯಂನಲ್ಲಿ ದಾರಿ ತಿರುವುಮುರುವು, ತಳದಿಂದ ಹತ್ತಿ ಮೇಲಕ್ಕೆ ಹೊರಡಬೇಕು. ಸಿಡಿ11ಬಿ/ಸಿಡಿ18 ಎಂಬ ಅಂಟುವ ಪ್ರೋಟೀನಿನಿಂದ ಅದು ಕೋಶದ ತಳವನ್ನು ಹಿಡಿಯುತ್ತದೆ, ಸಿಡಿ47 ಎಂಬ ಇನ್ನೊಂದು ಪ್ರೋಟೀನಿನ ನೆರವಿನಿಂದ ಕೋಶಗಳ ಸಂದಿಯಲ್ಲಿ ಸಾಗುತ್ತದೆ, ತುದಿಯ ಬಿಗಿ ಬೆಸುಗೆಯನ್ನು ಸರಿಸಿ ಆಚೆ ಬೀಳುತ್ತದೆ. ಎಪಿಥೀಲಿಯಂ ತಾನೇ ಮೇಲ್ಬದಿಗೆ ಸ್ರವಿಸುವ ಹೆಪಾಕ್ಸಿಲಿನ್ ಎ3 ಎಂಬ ರಾಸಾಯನಿಕ ಅದನ್ನು ಸೆಳೆಯುತ್ತದೆ. ಕೆಲವೇ ಕಣಗಳು ದಾಟಿದರೆ ಬೆಸುಗೆ ಮತ್ತೆ ಕೂಡಿಕೊಳ್ಳುತ್ತದೆ. ಹಿಂಡುಹಿಂಡಾಗಿ ನುಗ್ಗಿದರೆ ಗೋಡೆಯೇ ಕಿತ್ತುಬಂದು ಹುಣ್ಣಾಗುತ್ತದೆ. ಹಾಗಾಗಿಯೇ ಗೋಡೆಯೊಳಗಿನ ಒಂದು ಕಣಕ್ಕೂ ನಾನು ಅಷ್ಟು ಬೆಲೆ ಕೊಡುತ್ತೇನೆ.

ನಮ್ಮ ಕಡೆಯ ಬೇಸಿಗೆಯಲ್ಲಿ ಇದನ್ನು ಕಾಣುವುದೇ ಕಷ್ಟ. ಬಯಾಪ್ಸಿಯನ್ನು ಕೂಡಲೇ, ಅಂಗಾಂಶ ಕೆಡದಂತೆ ಕಾಯುವ ಶೇ. 10ರ ಫಾರ್ಮಲಿನ್‌ಗೆ ಹಾಕದೆ ಸಲೈನ್‌ನಲ್ಲಿ (ಉಪ್ಪುನೀರಿನಲ್ಲಿ) ಕಳುಹಿಸಿದ್ದನ್ನು ನಾನು ಕಂಡಿದ್ದೇನೆ. ಎಪಿಥೀಲಿಯಂ ಸುಲಿದುಹೋದ ಮೇಲೆ ಯಾವ ಕಣ ಎಲ್ಲಿತ್ತೆಂದು ಹೇಳುವುದು ಹೇಗೆ? ರೋಗಿಗೆ ಮತ್ತೆ ಎಂಡೋಸ್ಕೋಪಿ ಮಾಡಿಸಬೇಕಾಗಿ ಬಂದಾಗ ನಿಜಕ್ಕೂ ಸಂಕಟವಾಗುತ್ತದೆ.

ಆ ಯುವಕನ ಕ್ರಿಪ್ಟ್‌ಗಳು ಸೊಟ್ಟಗಾಗಿರಲಿಲ್ಲ, ಕವಲೊಡೆದಿರಲಿಲ್ಲ, ತಳದಲ್ಲಿ ಪ್ಲಾಸ್ಮಾ ಕೋಶಗಳೂ (ಪ್ರತಿಕಾಯ ತಯಾರಿಸುವ ಕೋಶಗಳು) ದಟ್ಟವಾಗಿರಲಿಲ್ಲ. ಇವು ದೀರ್ಘಕಾಲದ ಕಾಯಿಲೆಯ ಗುರುತುಗಳು. ಆದ್ದರಿಂದ ‘ಕ್ರಿಪ್ಟ್ ಬಾವು ಸಹಿತ ಸಕ್ರಿಯ ಉರಿಯೂತ, ದೀರ್ಘಕಾಲದ ಕಾಯಿಲೆಯ ಗುರುತು ಕಾಣುವುದಿಲ್ಲ’ ಎಂದು ಬರೆದು, ಸೋಂಕಿದೆಯೇ ಎಂದು ತಿಳಿಯಲು ಮೊದಲು ಮಲದ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಲು ಸೂಚಿಸಿದೆ.