ಹಲ್ಲಿನ ಇಂಪ್ಲಾಂಟ್ ಹಾಕಿಸುವ ಮುಂಚೆ ಅದರ ಕುತ್ತಿಗೆ ನೋಡಿ

ಇಂಪ್ಲಾಂಟ್ ಎಂದರೆ ಹೋದ ಹಲ್ಲಿನ ಜಾಗಕ್ಕೆ ದವಡೆಯಲ್ಲಿ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಮಂಜೇಶ್ವರ, ಕುಂಬಳೆ ಕಡೆಯಿಂದ ಇದಕ್ಕೆಂದು ಮಂಗಳೂರಿಗೆ ಹೋಗುವವರು ಸಾಮಾನ್ಯವಾಗಿ ಕೇಳುವುದು ಎರಡೇ: ರೇಟು ಎಷ್ಟು, ಎಷ್ಟು ದಿನ ಬೇಕು. ದವಡೆಯೊಳಗೆ ಕೂರುವ ಸ್ಕ್ರೂ ಯಾವ ತರದ್ದು ಎಂದು ಕೇಳುವವರು ಅಪರೂಪ. ಒಸಡು ಬಾತು, ಎಲುಬು ಕರಗಿದ ಮೇಲೆ ಕೇಳಿ ಏನು ಪ್ರಯೋಜನ?

ಮೊದಲು ಒಸಡಿನ ಕಾಯಿಲೆ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ. ದವಡೆಯ ಸ್ಕ್ಯಾನ್ ಆಗಲಿ.

ಎರಡನೆಯದು ಸ್ಕ್ರೂ ಆರಿಸುವುದು. ಎಡವುವುದು ಇಲ್ಲೇ. ಸ್ವೀಡನ್ನಿನ ಡಾಕ್ಟರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಹಾಕಿದ ಟೈಟಾನಿಯಂ ಸ್ಕ್ರೂಗಳ ಮೈ ನುಣುಪಾಗಿತ್ತು. ಈಗ ಪುಡಿ ಸಿಡಿಸಿ, ಆಸಿಡ್‌ನಲ್ಲಿ ಅದ್ದಿ ತುಸು ಒರಟು ಮಾಡುತ್ತಾರೆ. ಒರಟು ಮೈಗೆ ರಕ್ತದ ಹೆಪ್ಪು ಗಟ್ಟಿಯಾಗಿ ಅಂಟುತ್ತದೆ, ಎಲುಬು ಬೇಗ ಬೆಳೆದು ಬೆಸೆಯುತ್ತದೆ. ಆದರೆ ಅದೇ ಒರಟು ಒಸಡಿನಿಂದ ಹೊರಗೆ ಬಂದರೆ ಅಲ್ಲಿ ಕೂತ ಕೊಳೆ ಮತ್ತೆ ಹೋಗುವುದೇ ಇಲ್ಲ. ಎಲುಬಿನೊಳಗೆ ಒರಟು, ಒಸಡು ತಾಗುವಲ್ಲಿ ನುಣುಪು ಇರಬೇಕು.

ಇನ್ನು ಕುತ್ತಿಗೆ, ಅಂದರೆ ಸ್ಕ್ರೂವಿನ ಮೇಲ್ತುದಿ. ಸ್ಕ್ರೂವಿನ ಮೇಲೆ ಅಬಟ್‌ಮೆಂಟ್ ಎಂಬ ನಡುವಿನ ತುಂಡು ಕೂರುತ್ತದೆ, ಅದರ ಮೇಲೆ ಕ್ಯಾಪ್, ಅಂದರೆ ಹೊರಗೆ ಕಾಣುವ ಹಲ್ಲು. ಸ್ಕ್ರೂ ಮತ್ತು ಅಬಟ್‌ಮೆಂಟ್ ಸೇರುವ ಸಂದಿಯಲ್ಲಿ ಬ್ಯಾಕ್ಟೀರಿಯಾ ಮನೆ ಮಾಡುತ್ತದೆ. ಸಂದಿ ಎಲುಬಿನ ಅಂಚಿಗೇ ತಾಗಿದ್ದರೆ ಎಲುಬು ಕೆಳಗೆ ಸರಿಯುತ್ತದೆ. ಅಬಟ್‌ಮೆಂಟ್ ಸ್ಕ್ರೂವಿಗಿಂತ ಸಪೂರ ಇದ್ದರೆ ಸಂದಿ ಒಳಗೆ ಹೋಗುತ್ತದೆ, ಎಲುಬಿನಿಂದ ದೂರವಾಗುತ್ತದೆ. ಒಸಡಿಗೂ ದಪ್ಪಗೆ ಕೂರಲು ಜಾಗ ಸಿಗುತ್ತದೆ. ಇದೇ ಪ್ಲಾಟ್‌ಫಾರ್ಮ್ ಸ್ವಿಚಿಂಗ್. ಜೋಡಣೆ ಶಂಕುವಿನ ಆಕಾರದಲ್ಲಿ ಒಳಗೆ ಬಿಗಿಯಾದರೆ ಅಲುಗಾಟವೂ ಕಡಿಮೆ. ಈ ಎರಡೂ ಇಲ್ಲದ ಸ್ಕ್ರೂ ಬೇಡ ಎಂದೇ ನಾನು ಹೇಳುವುದು. ನಮ್ಮದೇ ಹಲ್ಲಾದರೆ ಒಸಡಿನ ನಾರುಗಳು ಬೇರಿನೊಳಗೆ ಚುಚ್ಚಿಕೊಂಡಿರುತ್ತವೆ. ಇಂಪ್ಲಾಂಟಿಗೆ ಅವು ಸುಮ್ನೆ ಒರಗಿ ನಿಲ್ಲುತ್ತವೆ. ಒಮ್ಮೆ ಸೋಂಕು ಹೊಕ್ಕರೆ ತಡೆ ಕಡಿಮೆ.

ಅಗ್ಗಕ್ಕೆ ಹಾಕುತ್ತೇವೆ ಎನ್ನುವಲ್ಲಿ ಕಂಪನಿಯ ಹೆಸರು, ಲಾಟ್ ನಂಬರ್ ಇರುವ ಸ್ಟಿಕ್ಕರ್ ಕೇಳಿ. ಕೊಡದಿದ್ದರೆ ಎದ್ದು ಬನ್ನಿ. ಮುಂದೆ ಅಬಟ್‌ಮೆಂಟ್ ಸಡಿಲವಾದರೆ ಬಿಡಿಭಾಗ ಸಿಗಬೇಕಲ್ವಾ?

ಕೊರೆಯುವುದು ಡಾಕ್ಟರ ಕೆಲಸ. ನೀರು ಹಾಯಿಸುತ್ತಲೇ ಕೊರೆಯಬೇಕು. 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ತಾಗಿದರೂ ಎಲುಬಿಗೆ ಪೆಟ್ಟು.

ಆಮೇಲೆ ಕಾಯುವುದು. ಮೂರು, ನಾಲ್ಕನೇ ವಾರ ಬಹಳ ಜಾಗ್ರತೆ. ಹಳೆಯ ಎಲುಬಿನ ಹಿಡಿತ ಸಡಿಲವಾಗುತ್ತಿರುತ್ತದೆ, ಹೊಸ ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ. ನೋವು ಹೋಯಿತೆಂದು ಕೋರಿ ರೊಟ್ಟಿ ಅಗಿಯಬೇಡಿ. ಕುಚ್ಚಲಕ್ಕಿ ಗಂಜಿ ಸಾಕು. ಬೀಡಿ, ಎಲೆಅಡಿಕೆ, ಹೊಗೆಸೊಪ್ಪು ಖಂಡಿತ ಬೇಡ. ಸಾಮಾನ್ಯವಾಗಿ ಕ್ಯಾಪ್ ಹಾಕಲು ಮೂರರಿಂದ ಆರು ತಿಂಗಳು ಬೇಕು.

ಕ್ಯಾಪನ್ನು ಸಿಮೆಂಟಿನಲ್ಲಿ ಅಂಟಿಸುವುದು ಸುಲಭ. ಆದರೆ ಒಸಡಿನಡಿ ಉಳಿದ ಸಿಮೆಂಟಿನ ಚೂರು ಎಲುಬನ್ನು ಕರಗಿಸಬಹುದು. ಆಗುವುದಾದರೆ ಸ್ಕ್ರೂ ಹಾಕಿ ಬಿಗಿಯುವ ಕ್ಯಾಪನ್ನೇ ಕೇಳಿ. ಕ್ಯಾಪ್ ಹಾಕಿದ ದಿನವೇ ಎಕ್ಸ್‌ರೇ ತೆಗೆಸಿ ಇಟ್ಟುಕೊಳ್ಳಿ, ಮುಂದಿನ ವರ್ಷ ಎಲುಬು ಎಷ್ಟು ಇಳಿದಿದೆ ಎಂದು ಅದನ್ನೇ ಇಟ್ಟು ನೋಡಬೇಕು. ಉಜ್ಜಲು ಮಸಿಪುಡಿ ಬೇಡ. ಮೆತ್ತನೆ ಬ್ರಷ್, ಸಂದಿಗೆ ಸಣ್ಣ ಬ್ರಷ್, ದಿನವೂ.